ಪ್ಯಾಕೆಟ್ಟಿಗೆ 183 ಟ್ರ್ಯಾಪ್: ಕರ್ನಲ್‌ನ ಮೆಮ್‌ಕಾಪಿ ಸರಿಪಡಿಸಿದ ನನ್ನ ಅನುಭವ

ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಲ್ಲಿ ಬೆಳೆದ ಭತ್ತ ಅಕ್ಕಿಯಾಗುವುದು ಬಹುಮಟ್ಟಿಗೆ ನಮ್ಮ ಗಂಗಾವತಿ, ಕಾರಟಗಿ ಕಡೆಯ ಗಿರಣಿಗಳಲ್ಲಿ. ಆ ಗಿರಣಿಗಳಿಗಾಗಿ ನಾನೂ ನನ್ನ ಗೆಳೆಯನೂ ಒಂದು ಸಣ್ಣ ಯಂತ್ರ ಕಟ್ಟುತ್ತಿದ್ದೆವು. ಇಳಿಜಾರು ತಗಡಿನ ಮೇಲೆ ಜಾರಿ ಬೀಳುವ ಅಕ್ಕಿಯನ್ನು ಅದರ ಕ್ಯಾಮೆರಾ ನೋಡಬೇಕು. ನುಚ್ಚೆಷ್ಟು, ಕಪ್ಪು ಕಾಳೆಷ್ಟು ಎಂದು ಎಣಿಸಬೇಕು. ಕಲರ್ ಸಾರ್ಟರ್‌ನಂತೆ ಗಾಳಿ ಊದಿ ಕಾಳನ್ನು ಹಾರಿಸುವ ಕೆಲಸ ಅದಕ್ಕಿರಲಿಲ್ಲ. ಬೋರ್ಡಿನಲ್ಲಿದ್ದುದು ಸಿಫೈವ್ ಯು74 ಕೋರ್‌ಗಳ ರಿಸ್ಕ್-ವಿ ಪ್ರೊಸೆಸರ್. ಅದಕ್ಕೆ ಲಿನಕ್ಸ್ ಹಾಕದೆ ನಮಗೆ ಬೇಕಾದಷ್ಟನ್ನೇ ಮಾಡುವ ಪುಟ್ಟ ಕರ್ನಲ್ (ಆಪರೇಟಿಂಗ್ ಸಿಸ್ಟಮ್ಮಿನ ತಿರುಳು) ಬರೆದುಕೊಂಡಿದ್ದೆವು. ಅದು ಜಾಣತನವಾಗಿತ್ತೇ ಎಂಬ ಜಗಳ ನಮ್ಮಿಬ್ಬರ ನಡುವೆ ಇನ್ನೂ ಮುಗಿದಿಲ್ಲ.

ಅಕ್ಕಿಯ ಹರಿವು ಹೆಚ್ಚಿದಾಗ ಚಿತ್ರವನ್ನು ತುಂಡು ಮಾಡಿ ಕ್ಯಾಮೆರಾ ಕಳಿಸಿದ ಪ್ಯಾಕೆಟ್‌ಗಳಲ್ಲಿ ಕೆಲವು ಕಳೆದುಹೋಗತೊಡಗಿದವು. ನೆಟ್‌ವರ್ಕ್ ಬಫರಿನಿಂದ ಚಿತ್ರದ ಬಫರಿಗೆ ಪಿಕ್ಸೆಲ್‌ಗಳನ್ನು ನಕಲಿಸುವ ಮೆಮ್‌ಕಾಪಿ ಎಂಬ ಫಂಕ್ಷನ್ ಅನ್ನು ನಾನು ಅವಸರದಲ್ಲಿ ಒಂದೊಂದೇ ಬೈಟ್ ಸಾಗಿಸುವ ಲೂಪ್ ಆಗಿ ಬರೆದಿದ್ದೆ. ಒಂದರ ಬದಲು ಎಂಟು ಬೈಟ್ ಒಮ್ಮೆಗೆ ಸಾಗಿಸಿದರೆ ಎಂಟು ಪಟ್ಟು ವೇಗ ಬಂದೀತೆಂದು ಬರೆದು, ಕಂಪೈಲರಿನ ಆಪ್ಟಿಮೈಸೇಶನ್ ಮಟ್ಟವನ್ನೂ ಏರಿಸಿದೆ. ಕರ್ನಲ್ ಬೂಟ್ ಆಗುವಾಗಲೇ ಸ್ಟ್ಯಾಕ್ (ಫಂಕ್ಷನ್ ಕರೆಗಳ ಲೆಕ್ಕ ಇಡುವ ಮೆಮೊರಿ) ತುಂಬಿ ನಿಂತಿತು. ನಮ್ಮ ಕಂಪೈಲರ್ ಆದ ಜಿಸಿಸಿ ನನ್ನ ಲೂಪನ್ನು ನೋಡಿ ಇದು ಮೆಮ್‌ಕಾಪಿಯೇ ಎಂದು ಗುರುತಿಸಿ, ಲೂಪನ್ನು ತೆಗೆದು ಅದರ ಜಾಗದಲ್ಲಿ ಮೆಮ್‌ಕಾಪಿಯ ಕರೆಯನ್ನು ಇಟ್ಟಿತ್ತು. ಹಾಗಾಗಿ ಮೆಮ್‌ಕಾಪಿ ತನ್ನನ್ನೇ ಕೊನೆಯಿಲ್ಲದೆ ಕರೆಯುತ್ತಿತ್ತು. ಫ್ರೀಸ್ಟ್ಯಾಂಡಿಂಗ್ (ಸಿದ್ಧ ಲೈಬ್ರರಿಯಿಲ್ಲದ ಪ್ರೋಗ್ರಾಮ್) ಎಂದು ಹೇಳಿದರೂ ಜಿಸಿಸಿ ಮೆಮ್‌ಕಾಪಿ ಇದ್ದೇ ಇರುತ್ತದೆಂದು ಭಾವಿಸುತ್ತದೆ. ಆ ಒಂದು ಕಡತಕ್ಕೆ ಲೂಪ್-ಡಿಸ್ಟ್ರಿಬ್ಯೂಟ್-ಪ್ಯಾಟರ್ನ್ಸ್ ಎಂಬ ಆಯ್ಕೆಯನ್ನು ನಿಲ್ಲಿಸಿದೆ, ಬೂಟ್ ಆಯಿತು. ಆದರೆ ಪ್ಯಾಕೆಟ್‌ಗಳು ಮೊದಲಿಗಿಂತ ಹೆಚ್ಚು ಕಳೆದುಹೋದವು. ಗಿರಣಿಯಲ್ಲಿ ಯಂತ್ರ ನೋಡಿಕೊಳ್ಳುತ್ತಿದ್ದ ಆಪರೇಟರ್ ಪರದೆ ನೋಡಿ, "ಮೊದ್ಲ ಚಲೋ ಇತ್ತಲ್ರೀ ಸರ" ಎಂದ.

ಊಹೆ ಬಿಟ್ಟು ಅಳೆಯಲು ಕುಳಿತದ್ದು ಆಮೇಲೆ. ಪ್ರತಿ ನಕಲಿನ ಹಿಂದೆ ಮುಂದೆ ಸೈಕಲ್ ಕೌಂಟರ್ ಓದಿ, ಉದ್ದ ಮತ್ತು ವಿಳಾಸದ ಕೊನೆಯ ಮೂರು ಬಿಟ್‌ಗಳೊಂದಿಗೆ ಬರೆದಿಟ್ಟೆ. ನಿಧಾನವಾದ ನಕಲುಗಳೆಲ್ಲ ಒಂದೇ ಬಗೆಯವು: ಮೂಲ ವಿಳಾಸವನ್ನು ಎಂಟರಿಂದ ಭಾಗಿಸಿದರೆ ಎರಡು ಉಳಿಯುವಂಥವು. ಕರ್ನಲ್‌ಗೂ ಕೆಳಗೆ ನಡೆಯುವ ಫರ್ಮ್‌ವೇರ್ ಆದ ಓಪನ್‌ಎಸ್‌ಬಿಐ ತಾನು ಎಷ್ಟು ತಪ್ಪುಹೊಂದಿಕೆಯ ಓದುಗಳನ್ನು (ಎಂಟರಿಂದ ಭಾಗವಾಗದ ವಿಳಾಸದಿಂದ ಎಂಟು ಬೈಟ್ ಓದುವಂಥವು) ನಿಭಾಯಿಸಿದೆ ಎಂಬ ಎಣಿಕೆಯನ್ನು ಇಟ್ಟಿರುತ್ತದೆ. ಅದನ್ನು ಕೇಳಿದಾಗ ಬಂದ ಸಂಖ್ಯೆ ನೋಡಿ ವಿಷಯ ತಿಳಿಯಿತು. (ನಮ್ಮೂರಿನಲ್ಲಿ ಎಸ್‌ಬಿಐ ಎಂದರೆ ಬ್ಯಾಂಕು, ಫೋನಿನಲ್ಲಿ "ಎಸ್‌ಬಿಐನಿಂದಲೇ ತಡವಾಗುತ್ತಿದೆ" ಎಂದು ಗೆಳೆಯನಿಗೆ ಹೇಳುತ್ತಿದ್ದಾಗ ಮನೆಯವರು ಸಾಲದ ಬಗ್ಗೆ ಚಿಂತೆಗೆ ಬಿದ್ದಿದ್ದರು.) ಯು74 ಕೋರಿನ ಹಾರ್ಡ್‌ವೇರ್ ತಪ್ಪುಹೊಂದಿಕೆಯ ವಿಳಾಸದಿಂದ ಎಂಟು ಬೈಟ್ ಓದಲಾರದು. ಅಂಥ ಸೂಚನೆ ಬಂದಾಗ ಟ್ರ್ಯಾಪ್ ಆಗಿ, ಅಂದರೆ ನಡೆಯುತ್ತಿದ್ದ ಕೆಲಸ ಅಲ್ಲೇ ನಿಂತು, ನಿಯಂತ್ರಣ ಫರ್ಮ್‌ವೇರಿಗೆ ಹೋಗುತ್ತದೆ. ಅದು ಬೈಟ್‌ಗಳನ್ನು ಒಂದೊಂದಾಗಿ ಕೂಡಿಸಿ ರಿಜಿಸ್ಟರಿಗೆ ತುಂಬಿ ಹಿಂತಿರುಗುತ್ತದೆ. ಫಲಿತಾಂಶ ಸರಿಯಿರುವುದರಿಂದ ಎಲ್ಲಿಯೂ ದೋಷ ಕಾಣುವುದಿಲ್ಲ, ಸಮಯ ಮಾತ್ರ ಸೋರುತ್ತದೆ.

ಎರಡು ಏಕೆ ಉಳಿಯುತ್ತಿತ್ತು ಎಂಬುದು ಕೂಡುವ ಲೆಕ್ಕ. ಪಿಕ್ಸೆಲ್‌ಗಳ ಮುಂದೆ ಬರುವ ಈಥರ್ನೆಟ್ ಶಿರೋಭಾಗ (ಹೆಡರ್) 14 ಬೈಟ್, ಐಪಿ 20, ಯುಡಿಪಿ 8, ನಮ್ಮ ಗಿಗ್‌ಇ ವಿಷನ್ (ಈಥರ್ನೆಟ್‌ನಲ್ಲಿ ಚಿತ್ರ ಕಳಿಸುವ ಬಗೆಯ) ಕ್ಯಾಮೆರಾದ ಸ್ಟ್ರೀಮ್ ಶಿರೋಭಾಗ 8, ಒಟ್ಟು 50. ಬಫರು ಸರಿಯಾದ ಗಡಿಯಲ್ಲಿ ಆರಂಭವಾದರೂ ಮೊದಲ ಪಿಕ್ಸೆಲ್ ಐವತ್ತನೆಯ ಬೈಟಿನ ನಂತರವೇ. 1500 ಬೈಟಿನ ಪ್ಯಾಕೆಟ್ಟಿನಲ್ಲಿ (ಈ ಲೆಕ್ಕದಲ್ಲಿ ಈಥರ್ನೆಟ್‌ನ 14 ಸೇರುವುದಿಲ್ಲ) ಪಿಕ್ಸೆಲ್‌ಗಳಿಗೆ ಉಳಿಯುವುದು 1464, ಅಂದರೆ ಎಂಟೆಂಟರ 183 ಓದು. ಒಂದೊಂದು ಪ್ಯಾಕೆಟ್ಟಿಗೂ 183 ಟ್ರ್ಯಾಪ್. ಸ್ವೀಕರಿಸುವ ಬಫರನ್ನೇ 6 ಬೈಟ್ ಮುಂದೆ ಸರಿಸಿದರೆ 50 ಹೋಗಿ 56 ಆಗುತ್ತದೆ, ಕಾಯಿಲೆಯೇ ಇರುವುದಿಲ್ಲ. ಐಪಿ ಶಿರೋಭಾಗ ಸರಿಯಾದ ಗಡಿಗೆ ಬೀಳಲೆಂದು ಲಿನಕ್ಸ್ ಡ್ರೈವರ್‌ಗಳು 2 ಬೈಟ್ ಬಿಡುವುದೂ ಇದೇ ಉಪಾಯ. ಆದರೆ ನಮ್ಮ ಡ್ರೈವರಿನ ಕ್ಯಾಶ್ (ಪ್ರೊಸೆಸರಿನೊಳಗಿನ ವೇಗದ ಮೆಮೊರಿ) ಲೆಕ್ಕವೆಲ್ಲ ಬಫರು 64ರ ಗಡಿಯಲ್ಲಿದೆ ಎಂಬ ನಂಬಿಕೆಯ ಮೇಲೆ ನಿಂತಿತ್ತು. ಅದನ್ನು ಬಿಚ್ಚುವ ಧೈರ್ಯ ನನಗೆ ಬರಲಿಲ್ಲ.

ಹಾಗಾಗಿ ಮೆಮ್‌ಕಾಪಿಯನ್ನೇ ಅಸೆಂಬ್ಲಿಯಲ್ಲಿ ಮತ್ತೆ ಬರೆದೆ. ಮೊದಲು ಗಮ್ಯ ವಿಳಾಸ ಎಂಟರ ಗಡಿಗೆ ಬರುವ ತನಕ ಬೈಟ್ ಬೈಟಾಗಿ ನಕಲು. ನಂತರ ಮೂಲ ವಿಳಾಸವನ್ನು ಕೆಳಗಿನ ಗಡಿಗೆ ಇಳಿಸಿ, ಅಲ್ಲಿಂದ ಹೊಂದಿಕೆಯಿರುವ ಓದುಗಳನ್ನು ಮಾತ್ರ ಮಾಡುವುದು. ಮೊದಲ ಪದವನ್ನು (ಎಂಟು ಬೈಟಿನ ತುಂಡನ್ನು) 16 ಬಿಟ್ ಬಲಕ್ಕೂ ಮುಂದಿನ ಪದವನ್ನು 48 ಬಿಟ್ ಎಡಕ್ಕೂ ಸರಿಸಿ ಕೂಡಿಸಿದರೆ ಬೇಕಾದ ಎಂಟು ಬೈಟ್ ಸಿಗುತ್ತವೆ. ಒಂದು ಓದು, ಎರಡು ಸರಿಸುವಿಕೆ, ಒಂದು ಕೂಡಿಕೆ, ಒಂದು ಬರಹ. ಟ್ರ್ಯಾಪ್ ಒಂದೂ ಇಲ್ಲ. ಈ ಕೋರ್ ಸೂಚನೆಗಳನ್ನು ಬರೆದ ಕ್ರಮದಲ್ಲೇ ನಡೆಸುವುದರಿಂದ, ಓದಿದ್ದನ್ನು ಮರುಸೂಚನೆಯಲ್ಲೇ ಬಳಸಿದರೆ ಕಾಯಬೇಕಾಗುತ್ತದೆ. ಆದ್ದರಿಂದ ಎಂಟು ಓದುಗಳನ್ನು ಒಟ್ಟಿಗೆ ಮುಂಚೆಯೇ ಮಾಡಿ, ಆಮೇಲೆ ಸರಿಸುವ ಮತ್ತು ಬರೆಯುವ ಕೆಲಸ ಇಟ್ಟೆ. ಆ ದಿನದಿಂದ ಪ್ಯಾಕೆಟ್ ಕಳೆಯುವುದು ನಿಂತಿತು.

ಆದರೆ ಪರದೆಯ ಮೇಲಿನ ಗಿರಣಿಯ ಹೆಸರು ಅರ್ಥವಿಲ್ಲದ ಅಕ್ಷರಗಳಾಯಿತು. ಪಿಕ್ಸೆಲ್‌ಗಳೆಲ್ಲ ಸರಿ, ಹೆಸರೊಂದೇ ತಪ್ಪು. ಕಾರಣ ಸಿಗಲು ಎರಡು ರಾತ್ರಿ ಹಿಡಿಯಿತು. ಹೆಸರಿನ ಮೂಲವೂ ಗಮ್ಯವೂ ಎಂಟರ ಗಡಿಯಲ್ಲೇ ಇದ್ದವು. ಆಗ ಬಲಕ್ಕೆ ಸರಿಸಬೇಕಾದದ್ದು ಸೊನ್ನೆ ಬಿಟ್, ಎಡಕ್ಕೆ 64. ಆದರೆ ರಿಸ್ಕ್-ವಿಯಲ್ಲಿ ಸರಿಸುವ ಸೂಚನೆ ಎಣಿಕೆಯ ಕೆಳಗಿನ ಆರು ಬಿಟ್‌ಗಳನ್ನಷ್ಟೇ ನೋಡುತ್ತದೆ, ಅಲ್ಲಿ 64 ಎಂದರೂ ಸೊನ್ನೆಯೇ. ಎರಡನೆಯ ಪದ ಅಳಿಸಿಹೋಗುವ ಬದಲು ಹಾಗೆಯೇ ಉಳಿದು ಮೊದಲನೆಯದರಲ್ಲಿ ಬೆರೆಯುತ್ತಿತ್ತು. ಪರಸ್ಪರ ಹೊಂದಿಕೆಯಿರುವ ನಕಲಿಗೆ ಬೇರೆಯೇ ದಾರಿ ಮಾಡಿಕೊಟ್ಟೆ. ಅದು ಮೊದಲೇ ಇರಬೇಕಿತ್ತು, ಏಕೆಂದರೆ ಅಲ್ಲಿ ಸರಿಸುವ ಕೆಲಸವೇ ವ್ಯರ್ಥ.

ಒಮ್ಮೆಗೇ ಹಲವು ಅಂಕಿಗಳ ಮೇಲೆ ಕೆಲಸ ಮಾಡುವ ವೆಕ್ಟರ್ ಸೂಚನೆ ಏಕೆ ಬಳಸಲಿಲ್ಲ ಎಂದು ಕೆಲವರು ಕೇಳಿದ್ದಾರೆ. ಈ ಕೋರಿನಲ್ಲಿ ಅವು ಇಲ್ಲವೇ ಇಲ್ಲ. ಇದ್ದಲ್ಲಿಯೂ ಕರ್ನಲ್ ಅವನ್ನು ಮುಟ್ಟಬೇಕಾದರೆ ಬಳಕೆದಾರನ ಪ್ರೋಗ್ರಾಮಿನ ರಿಜಿಸ್ಟರ್‌ಗಳನ್ನು ಮೊದಲು ಉಳಿಸಿಡಬೇಕು. ಸಣ್ಣ ನಕಲುಗಳಿಗೆ ಆ ಖರ್ಚು ಹೊರೆಯಾಗುತ್ತದೆ. ಹೊಸ ಇಂಟೆಲ್ ಯಂತ್ರಗಳಲ್ಲಿ ಲಿನಕ್ಸ್ ಕರ್ನಲ್ ರೆಪ್ ಮೂವ್ಸ್‌ಬಿ ಎಂಬ ಒಂದೇ ಸೂಚನೆಯಿಂದ ನಕಲು ಮುಗಿಸುತ್ತದೆ. 2012ರ ಐವಿ ಬ್ರಿಜ್‌ನಿಂದೀಚೆಗೆ ಪ್ರೊಸೆಸರೇ ಅದನ್ನು ವೇಗವಾಗಿ ನಡೆಸುತ್ತದೆ. ನಮಗೆ ಆ ಸೌಕರ್ಯ ಇರಲಿಲ್ಲ.

ಮುಂದಿನ ಹಂಗಾಮಿಗೆ ಬೇರೆ ಕ್ಯಾಮೆರಾ ಬಂತು. ಅದರ ಸ್ಟ್ರೀಮ್ ಶಿರೋಭಾಗ ವಿಸ್ತೃತ ಬಗೆಯದು, 20 ಬೈಟ್. ಪಿಕ್ಸೆಲ್‌ಗಳು 62ನೆಯ ಬೈಟಿನ ನಂತರ ಶುರುವಾಗುವುದರಿಂದ ಶೇಷ ಆರು. ಸರಿಸುವ ಎಣಿಕೆಯನ್ನು ವಿಳಾಸದಿಂದಲೇ ತೆಗೆಯುತ್ತಿದ್ದ ಕಾರಣ ಕೋಡ್ ಮುಟ್ಟಬೇಕಾಗಲಿಲ್ಲ. ಆದರೆ ಪಿಕ್ಸೆಲ್‌ಗಳಿಗೆ ಉಳಿದದ್ದು 1452 ಬೈಟ್, ಅದು ಎಂಟರಿಂದ ಭಾಗವಾಗದು. ಒಂದು ಬಿಟ್ಟು ಒಂದು ಪ್ಯಾಕೆಟ್ಟಿನ ಗಮ್ಯ ವಿಳಾಸ ನಾಲ್ಕು ಬೈಟ್ ಓರೆಯಾಗಿ, ಅದರ ಮೊದಲಿಗೂ ಉಳಿದ ಪ್ಯಾಕೆಟ್‌ಗಳ ಕೊನೆಗೂ ಬೈಟ್ ಬೈಟಾಗಿ ನಕಲಿಸುವ ಕೆಲಸ ಬೀಳುತ್ತಿತ್ತು. ಕ್ಯಾಮೆರಾದ ಸೆಟ್ಟಿಂಗ್‌ನಲ್ಲಿ ಪ್ಯಾಕೆಟ್ ಗಾತ್ರವನ್ನು 1500ರಿಂದ 1496ಕ್ಕೆ ಇಳಿಸಿದೆ. ಪಿಕ್ಸೆಲ್ ಭಾಗ 1448 ಆಯಿತು, ಎಂಟರ 181 ಪಟ್ಟು.