ಒಂದು ಜಿಬಿ ಸರ್ವರ್ ಮೇಲೆ ಕ್ಯಾಮೆಲ್ ಓಡ್ಸಿದ್ದು: ನನ್ನ ಅನುಭವ

ಕಾಫ್ಕಾ (ಮೆಸೇಜ್ ಸಾಗ್ಸೋ ದೊಡ್ಡ ಸಿಸ್ಟಮ್ಮು) ಇಲ್ದೆ ಆರ್ಡರ್‌ಗಳನ್ನ ಸರಿಯಾದ ಜಾಗಕ್ಕೆ ತಳ್ಳೋದೆಲ್ಲ ಆಗಲ್ಲ ಗುರು ಅಂತಿದ್ದ ಫ್ರೆಂಡ್ಸೇ ಈಗ ನಿನ್ ಕಾನ್ಫಿಗ್ ಕಳ್ಸು ಅಂತಿದಾರೆ, ಅದಕ್ಕೇ ಒಂದ್ಸಲ ಬರೆದಾಕ್ಬಿಡ್ತೀನಿ. ನಾನು ಮಾಡಿದ್ದು ಅಪಾಚೆ ಕ್ಯಾಮೆಲ್‌ನಲ್ಲಿ, ಅಂದ್ರೆ ಒಂದು ಕಡೆಯಿಂದ ಬಂದಿದ್ದನ್ನ ಇನ್ನೊಂದು ಕಡೆಗೆ ತಳ್ಳೋ ಜಾವಾ ಲೈಬ್ರರಿ.

ದಾವಣಗೆರೇಲಿ ಪಂಪ್‌ಸೆಟ್ ಸ್ಪೇರ್ ಪಾರ್ಟ್ಸ್ ಹೋಲ್‌ಸೇಲ್ ಮಾಡೋ ಸಾಹುಕಾರ್ರು ಒಬ್ರು. ಬ್ರ್ಯಾಂಚ್‌ಗಳಿಂದ ಆರ್ಡರ್ ಸಿಎಸ್‌ವಿ ಆಗಿ ಎಸ್‌ಎಫ್‌ಟಿಪಿ ಫೋಲ್ಡರ್‌ಗೆ ಬೀಳುತ್ತೆ, ಅದನ್ನ ಊರು ನೋಡಿ ಆಯಾ ಗೋಡೌನ್ ಕ್ಯೂಗೆ (ಮೆಸೇಜ್‌ಗಳು ಸಾಲಾಗಿ ಕಾಯೋ ಜಾಗ) ತಳ್ಬೇಕು, ಅಷ್ಟೇ ಕೆಲ್ಸ. ಇದಕ್ಕೆ ಯಾರೋ ಲೈಸೆನ್ಸು ಅದೂ ಇದೂ ಸೇರ್ಸಿ ನಾಲ್ಕೈದು ಲಕ್ಷ ಹೇಳಿದ್ರಂತೆ. ಸ್ಯಾಂಪಲ್ ಮಾಡಿ ತೋರಿಸ್ತೀನಿ ಸರ್, ಓಡಿದ್ರೆ ದುಡ್ಡು ಕೊಡಿ ಅಂದೆ. ತಿಂಗಳಿಗೆ ಐನೂರು ಚಿಲ್ರೆ ರೂಪಾಯಿ ವಿಪಿಎಸ್ (ಬಾಡಿಗೆ ಸರ್ವರ್), 1 ಜಿಬಿ ರ್‍ಯಾಮ್, ಉಬುಂಟು.

ಮೊದ್ಲು ಕರಾಫ್ (ಜಾವಾ ಬಂಡಲ್‌ಗಳನ್ನ ಓಡ್ಸೋ ಸರ್ವರ್) ಹಾಕ್ದೆ. ಫೀಚರ್‌ಗಳೆಲ್ಲ ಚೆನ್ನಾಗೇ ಇನ್‌ಸ್ಟಾಲ್ ಆಗುತ್ತೆ, ನಮ್ ಬಂಡಲ್ ಮಾತ್ರ ಆ್ಯಕ್ಟಿವ್ ಆಗಲ್ಲ, ಒಂದು ಇಂಪೋರ್ಟ್ ಸರಿಮಾಡಿದ್ರೆ ಇನ್ನೊಂದು ರಿಸಾಲ್ವ್ ಆಗ್ತಿಲ್ಲ ಅನ್ನುತ್ತೆ, ಒಂದು ವೀಕೆಂಡ್ ಪೂರ್ತಿ ತಿಂದಾಕ್ತು, ಬಿಟ್ಟೆ. ಆಮೇಲೆ ವಾರ್ ಫೈಲ್ (ವೆಬ್ ಆ್ಯಪ್ ಪ್ಯಾಕೇಜ್) ಮಾಡಿ ಟಾಮ್‌ಕ್ಯಾಟ್ 10 ಅನ್ನೋ ವೆಬ್ ಸರ್ವರ್‌ಗೆ ಹಾಕ್ದೆ. ಡಿಪ್ಲಾಯ್ ಆಯ್ತು ಅಂತ ಲಾಗ್ ಬರುತ್ತೆ, ಎರರ್ ಒಂದೂ ಇಲ್ಲ, ನಮ್ ಆ್ಯಪ್ ಸ್ಟಾರ್ಟ್ ಆದಾಗ ಬರೋ ಸ್ಪ್ರಿಂಗ್ ಬ್ಯಾನರೂ ಇಲ್ಲ! ಸ್ಯಾಂಪಲ್ ಇದ್ದಿದ್ದು ಸ್ಪ್ರಿಂಗ್ ಬೂಟ್ 2 (ಜಾವಾ ಫ್ರೇಮ್‌ವರ್ಕ್) ಮೇಲೆ, ಅದರಲ್ಲಿ ಪ್ಯಾಕೇಜ್ ಹೆಸರು ಹಳೇ ಜಾವಾಎಕ್ಸ್, ಟಾಮ್‌ಕ್ಯಾಟ್ 10 ಹುಡ್ಕೋದು ಹೊಸ ಹೆಸರು ಜಕಾರ್ತಾ, ಹಂಗಾಗಿ ನಮ್ ಕೋಡ್ ಅದರ ಕಣ್ಣಿಗೇ ಬೀಳಲ್ಲ. ವೆಬ್‌ಆ್ಯಪ್ಸ್-ಜಾವಾಇಇ ಅನ್ನೋ ಫೋಲ್ಡರ್‌ಗೆ ಹಾಕಿದ್ರೆ ಅದೇ ಕನ್ವರ್ಟ್ ಮಾಡ್ಕೊಳುತ್ತೆ, ಓಡ್ತು ಕೂಡ. ಆದ್ರೆ ಫೈಲ್ ಎತ್ತಿ ಕ್ಯೂಗೆ ಹಾಕೋಕೆ ಟಾಮ್‌ಕ್ಯಾಟ್ ಯಾಕ್ರೀ ಬೇಕು? ಕಿತ್ತಾಕ್ದೆ. ಜಾವಾ 17, ಕ್ಯಾಮೆಲ್ 4, ಒಂದೇ ಫ್ಯಾಟ್ ಜಾರ್ (ಎಲ್ಲಾ ಲೈಬ್ರರಿ ಒಳಗೇ ಇರೋ ಫೈಲ್), ಅದನ್ನ ಓಡ್ಸೋಕೆ ಲಿನಕ್ಸ್‌ನ ಸಿಸ್ಟಮ್‌ಡಿ ಸರ್ವಿಸ್. ಸ್ಪ್ರಿಂಗ್ ಬೂಟ್‌ನ ವೆಬ್ ಸ್ಟಾರ್ಟರ್ ತೆಗೆದವ್ರು ಕ್ಯಾಮೆಲ್‌ನ ರನ್-ಕಂಟ್ರೋಲರ್ ಸೆಟ್ಟಿಂಗ್ ಟ್ರೂ ಮಾಡಿ, ಇಲ್ಲಾಂದ್ರೆ ಸ್ಟಾರ್ಟ್ ಆದ ತಕ್ಷಣ ನಿಂತೋಗುತ್ತೆ.

ಕ್ಯೂಗಳನ್ನ ನೋಡ್ಕೊಳ್ಳೋ ಆ್ಯಕ್ಟಿವ್‌ಎಂಕ್ಯೂ ಆಗಾಗ ಸಾಯ್ತಿತ್ತು. ಡಿಮೆಸೆಜ್ (ಕರ್ನಲ್ ಲಾಗ್) ನೋಡಿದ್ರೆ ಮೆಮೊರಿ ಸಾಲ್ದೆ ಕರ್ನಲ್ಲೇ ಕೊಂದಿರೋದು. ಆ್ಯಕ್ಟಿವ್‌ಎಂಕ್ಯೂನ ಎನ್ವ್ (ಸೆಟ್ಟಿಂಗ್) ಫೈಲಲ್ಲಿ ಹೀಪ್ (ಜಾವಾ ಬಳಸೋ ಮೆಮೊರಿ) ಮಿತಿ 1 ಜಿಬಿ ಅಂತ ಮೊದ್ಲೇ ಬರೆದಿರ್ತಾರೆ, ಇರೋದೇ ಅಷ್ಟು. 256 ಎಂಬಿಗೆ ಇಳ್ಸಿ, ನಮ್ ಕ್ಯಾಮೆಲ್ ಜಾರ್‌ಗೆ ಇನ್ನೂರರ ಹತ್ರ ಕೊಟ್ಟು, 1 ಜಿಬಿ ಸ್ವಾಪ್ ಇಟ್ಟೆ. ಅಲ್ಲಿಂದೀಚೆಗೆ ಬಿದ್ದಿಲ್ಲ.

ನಿಜವಾಗ್ಲೂ ತಲೆ ಕೆಡ್ಸಿದ್ದು ಅರ್ಧ ಆರ್ಡರ್. ನಲವತ್ತು ಸಾಲಿನ ಫೈಲಲ್ಲಿ ಹದಿನೈದೋ ಇಪ್ಪತ್ತೋ ಸಾಲು ಮಾತ್ರ ಕ್ಯೂಗೆ ಬರೋದು. ಬ್ರ್ಯಾಂಚಿನವ್ರು ಮೊಬೈಲ್ ನೆಟ್ ಮೇಲೆ ವಿನ್‌ಎಸ್‌ಸಿಪಿ ಅನ್ನೋ ಫೈಲ್ ಕಳ್ಸೋ ಸಾಫ್ಟ್‌ವೇರ್‌ನಿಂದ ಹಾಕ್ತಾರೆ. ಅದು ನೂರು ಕೆಬಿ ಮೀರಿದ ಫೈಲ್‌ನ ಮೊದ್ಲು ಫೈಲ್‌ಪಾರ್ಟ್ ಅಂತ ಹೆಸರಿಟ್ಟು ಏರ್ಸುತ್ತೆ, ನಮ್ ಆರ್ಡರ್ ಇಪ್ಪತ್ತು ಕೆಬಿ ಆಸುಪಾಸು, ಸೀದಾ ಅಸಲಿ ಹೆಸರಲ್ಲೇ ಬಂದು ಕೂರುತ್ತೆ, ಕ್ಯಾಮೆಲ್ ಅರ್ಧದಲ್ಲೇ ಎತ್ಕೊಳುತ್ತೆ. ಕ್ಯಾಮೆಲ್‌ನ ಫೈಲ್ ಕಾಂಪೊನೆಂಟಲ್ಲಿ ರೀಡ್‌ಲಾಕ್ ಚೇಂಜ್ಡ್ ಅಂತ ಕೊಟ್ರೂ ಸಾಲ್ಲಿಲ್ಲ, ಯಾಕಂದ್ರೆ ಅದು ಒಂದು ಸೆಕೆಂಡ್ ಸೈಜ್ ಬದಲಾಗಿಲ್ಲ ಅಂದ್ರೆ ಮುಗೀತು ಅನ್ಕೊಳುತ್ತೆ, ನಮ್ಮೂರ ನೆಟ್ ಒಂದು ಸೆಕೆಂಡ್ ಏನು ಐದು ಸೆಕೆಂಡ್ ನಿಲ್ಲುತ್ತೆ. ಚೆಕ್ ಇಂಟರ್ವಲ್ ಹದಿನೈದು ಸೆಕೆಂಡ್ ಮಾಡಿ, ಟೈಮ್‌ಔಟ್ ಅದಕ್ಕಿಂತ ಜಾಸ್ತಿ ಇಟ್ಟೆ, ಡೀಫಾಲ್ಟ್ ಹತ್ತೇ ಸೆಕೆಂಡು ಇರೋದು. ಇದೊಂದು ಸಾಲಿಗೇ ಸಾಹುಕಾರ್ರು ದುಡ್ಡು ಕೊಡ್ಬೇಕು ಅನ್ನೋದು ನನ್ ಅಭಿಪ್ರಾಯ.

ಊರಿನ ಹೆಸರು ನೋಡಿ ರೂಟ್ ಮಾಡೋದು ಇನ್ನೊಂದು ಗೋಳು. ಒಬ್ರು ಯೂನಿಕೋಡು, ಒಬ್ರು ಹಳೇ ನುಡಿ ಫಾಂಟು, ಒಬ್ರು ಇಂಗ್ಲಿಷು, ಹೊನ್ನಾಳಿ ಒಂದೇ ಮೂರು ಥರ. ಹೆಸರು ಬಿಟ್ಟು ಪಿನ್‌ಕೋಡ್ ಹಿಡ್ಕೊಂಡೆ. ಮೊದಲ ಮೂರು ಅಂಕಿ ಸಾಕಾಗಲ್ಲ, 577 ಅಂದ್ರೆ ದಾವಣಗೆರೆ, ಶಿವಮೊಗ್ಗ, ಚಿತ್ರದುರ್ಗ, ಚಿಕ್ಕಮಗಳೂರು ಎಲ್ಲಾ ಬರುತ್ತೆ. ನಾಲ್ಕನೇ ಅಂಕಿ ಸೇರ್ಸಿದ್ರೆ 5770 ದಾವಣಗೆರೆ, 5772 ಶಿವಮೊಗ್ಗ, 5775 ದುರ್ಗ. ಅಲ್ಲೂ ಚನ್ನಗಿರಿ 577213 ಕೈ ಕೊಡ್ತು. 1997ರಲ್ಲಿ ದಾವಣಗೆರೆ ಜಿಲ್ಲೆಗೆ ಬಂದ್ರೂ ಪಿನ್ ಹಳೇ ಶಿವಮೊಗ್ಗದ್ದೇ, ಅಲ್ಲಿನ ಮಾಲು ಶಿವಮೊಗ್ಗ ಗೋಡೌನಿಗೆ ಹೋಗಿ ಡ್ರೈವರ್ ಫೋನ್ ಮಾಡಿ ಬೈದ. ಹೊನ್ನಾಳಿದೂ ಅದೇ ಕಥೆ. ಇಂಥವನ್ನ ಒಂದು ಪ್ರಾಪರ್ಟೀಸ್ ಫೈಲಲ್ಲಿಟ್ಟು ಕ್ಯಾಮೆಲ್‌ನ ಮೊದಲನೇ ವೆನ್ ಷರತ್ತಿನಲ್ಲೇ ಹಿಡಿದ್ಬಿಡ್ತೀನಿ.

ಒಂದೇ ಆರ್ಡರ್ ಎರಡ್ಸಲ ಕಳ್ಸೋರಿಗೆ ಐಡೆಂಪೊಟೆಂಟ್ ಕನ್ಸ್ಯೂಮರ್ ಇದೆ, ಕೀ ಯಾವ್ಯಾವ ಕಾಲಮ್ ಸೇರ್ಸಿ ಮಾಡಿದೀನಿ ಅಂತ ಹೇಳಲ್ಲ, ಹೊಟ್ಟೆಪಾಡು. ಮಧ್ಯೆ ಸುಮ್ನೆ ಡೆಡ್ ಲೆಟರ್‌ಗೆ (ಕಳ್ಸೋಕೆ ಆಗ್ದೆ ಉಳಿದ ಮೆಸೇಜ್‌ಗಳ ಕ್ಯೂ) ಬಿದ್ದಿದ್ದನ್ನ ಟೆಲಿಗ್ರಾಂಗೆ ಕಳ್ಸಿ ನೋಡ್ದೆ, ನಾಲ್ಕೈದು ಸಾಲಿನ ಕೆಲ್ಸ, ಈಗ ಅಕೌಂಟ್ಸ್ ಅಕ್ಕ ನನಗಿಂತ ಮೊದ್ಲು ಕಂಡ್ಹಿಡೀತಾರೆ. ಮನೇಲಿದ್ದ ಹಳೇ ರಾಸ್ಪ್‌ಬೆರಿ ಪೈ ಮೇಲೂ ಇದೇ ಜಾರ್ ಓಡ್ತು, ಸ್ಟಾರ್ಟ್ ಆಗೋಕೆ ಟೀ ಕುಡ್ದು ಬರ್ಬೋದು.

ಆ್ಯಕ್ಟಿವ್‌ಎಂಕ್ಯೂನ 61616 ಪೋರ್ಟ್ ಹೊರಗಡೆಗೆ ತೆಗೆದಿಟ್ಟಿರೋರು ಈಗ್ಲೇ ಮುಚ್ಚಿ. 2023ರ ಅಕ್ಟೋಬರ್‌ನಲ್ಲಿ ಬಯಲಾದ ಓಪನ್‌ವೈರ್ (ಆ ಪೋರ್ಟಲ್ಲಿ ಓಡೋ ಪ್ರೋಟೋಕಾಲ್) ತೂತು ಭಾರೀ ಕೆಟ್ಟದ್ದು, 5.18 ಸೀರೀಸ್ ಆದ್ರೆ 5.18.3 ಇಲ್ಲಾ ಅದಕ್ಕಿಂತ ಹೊಸದೇ ಹಾಕಿ. ವೆಬ್ ಕನ್ಸೋಲ್‌ಗೆ ಎಸ್‌ಎಸ್‌ಎಚ್ ಟನಲ್ ಸಾಕು.

ನನಗೆ ಮೂವತ್ತು ಸಾವಿರದ ಹತ್ರ ಸಿಕ್ತು, ಮೇಂಟೆನೆನ್ಸ್ ಇನ್ನೂ ಮಾತಾಡ್ಬೇಕು. ಬಳ್ಳಾರಿ ಬ್ರ್ಯಾಂಚ್ ಸೇರ್ಸಿಲ್ಲ, ಅವ್ರು ಆರ್ಡರ್‌ನ ಹಾಳೇಲಿ ಬರೆದು ವಾಟ್ಸಾಪ್‌ನಲ್ಲಿ ಫೋಟೋ ಕಳಿಸ್ತಾರೆ.