ಒಂದೇ ರಸ್ತೆಗೆ ಮೂರು ಲೆವೆಲ್

ಹವಾಮಾನ ಬದಲಾವಣೆಗೆ ನಗರವನ್ನು ಸಜ್ಜು ಮಾಡುವ ಕೆಲಸ ನನ್ನ ಹೆಗಲಿಗೆ ಬಿದ್ದಾಗ, ಮೊದಲ ಆರು ತಿಂಗಳು ನಾನು ಮಾಡಿದ್ದು ಬರೀ ಸಭೆ. ಹತ್ತಾರು ಇಲಾಖೆಗಳಿಗೆ ಪತ್ರ ಹೋಗುತ್ತಿತ್ತು. ಪ್ರತಿ ಸಲವೂ ಹೊಸ ಹೊಸ ಮುಖಗಳು ಬಂದು ಕೂರುತ್ತಿದ್ದವು. ಹೋದ ಸಭೆಯಲ್ಲಿ ಏನಾಯಿತೆಂದು ಹೇಳುವುದರಲ್ಲೇ ಅರ್ಧ ಗಂಟೆ ಕಳೆದುಹೋಗುತ್ತಿತ್ತು. ನಡಾವಳಿಯನ್ನು ಮಾತ್ರ ಚೆನ್ನಾಗಿ ಬರೆಯುತ್ತಿದ್ದೆವು: 'ಎಲ್ಲ ಇಲಾಖೆಗಳೂ ಪರಸ್ಪರ ಸಮನ್ವಯದಿಂದ ಕೆಲಸ ಮಾಡಲು ತೀರ್ಮಾನಿಸಲಾಯಿತು.' ಮಳೆ ಬಂದಾಗ ಅದೇ ಕೆಳಸೇತುವೆ, ಅದೇ ನೀರು.

ಬೇಸತ್ತು ಸಭೆ ನಿಲ್ಲಿಸಿದೆ. 'ಪ್ರತಿ ವರ್ಷ ನೀರು ನಿಲ್ಲುವ ಆ ಒಂದು ಜಾಗದ ನಕ್ಷೆ ತನ್ನಿ, ಬೇರೇನೂ ಬೇಡ' ಎಂದು ಮೂರು ಇಲಾಖೆಗಳನ್ನು ಕೇಳಿದೆ. ರಸ್ತೆಯವರು, ಮಳೆನೀರು ಚರಂಡಿಯವರು, ಕುಡಿಯುವ ನೀರಿನವರು. ಮೂರನ್ನೂ ಒಂದರ ಮೇಲೊಂದು ಇಟ್ಟು ನೋಡಿದರೆ, ಒಂದೇ ರಸ್ತೆಗೆ ಮೂರು ಬೇರೆ ಬೇರೆ ಲೆವೆಲ್, ಅಂದರೆ ಮೂರು ಬೇರೆ ಬೇರೆ ಎತ್ತರ! ಒಬ್ಬರ ಲೆಕ್ಕದಲ್ಲಿ ನೀರು ಪೂರ್ವಕ್ಕೆ ಹರಿಯಬೇಕು, ಇನ್ನೊಬ್ಬರ ಲೆಕ್ಕದಲ್ಲಿ ಪಶ್ಚಿಮಕ್ಕೆ.

ಯಾರೂ ಸುಳ್ಳು ಬರೆದಿರಲಿಲ್ಲ. ಒಬ್ಬೊಬ್ಬರು ಒಂದೊಂದು ಕಾಲದಲ್ಲಿ, ಒಂದೊಂದು ಬೆಂಚ್‌ಮಾರ್ಕ್‌ನಿಂದ (ಎತ್ತರ ಅಳೆಯಲು ಆಧಾರವಾಗಿ ಇಟ್ಟುಕೊಳ್ಳುವ ಗುರುತು) ಅಳೆದಿದ್ದರು. ಆಮೇಲೆ ರಸ್ತೆಯವರು ಹಳೇ ಡಾಂಬರು ಕೆರೆಯದೆ ಅದರ ಮೇಲೇ ಹೊಸದು ಹಾಕುತ್ತ ಬಂದಿದ್ದರು. ರಸ್ತೆ ಏರಿತ್ತು, ಚರಂಡಿಯ ನೀರುಕಿಂಡಿಗಳು ಇದ್ದಲ್ಲೇ ಇದ್ದವು.

ಹಾಗಾಗಿ ಮೂರೂ ಇಲಾಖೆಯ ಕಿರಿಯ ಎಂಜಿನಿಯರುಗಳನ್ನು ಒಂದು ದಿನ ಸ್ಥಳಕ್ಕೇ ಕರೆದೆ. ಒಂದೇ ಉಪಕರಣ, ಒಂದೇ ಬೆಂಚ್‌ಮಾರ್ಕ್, ಒಂದೇ ಪುಸ್ತಕ. ಒಬ್ಬರು ಅಳತೆಕೋಲು ಹಿಡಿದರು, ಒಬ್ಬರು ಉಪಕರಣದಲ್ಲಿ ನೋಡಿದರು, ಮತ್ತೊಬ್ಬರು ಬರೆದರು. ಪ್ರತಿ ಪುಟದ ಕೆಳಗೆ ಮೂವರ ಸಹಿ. ಈ ಸಹಿಯ ವಿಷಯ ಸಣ್ಣದು ಅನ್ನಿಸಬಹುದು. ಆದರೆ ಆಮೇಲೆ 'ಅದು ನಮ್ಮ ಅಳತೆಯಲ್ಲ' ಎನ್ನುವ ಮಾತು ಹುಟ್ಟಲೇ ಇಲ್ಲ.

ಅಳೆಯುತ್ತ ಮೋರಿಯ ಹತ್ತಿರ ಬಂದೆವು. ಬಗ್ಗಿ ಟಾರ್ಚ್ ಬಿಟ್ಟರೆ, ಮೋರಿಯ ಬಾಯಿಗೆ ಅಡ್ಡಲಾಗಿ ಕುಡಿಯುವ ನೀರಿನ ದೊಡ್ಡ ಪೈಪು. ಅದಕ್ಕೆ ಸಿಕ್ಕಿಕೊಂಡ ಕೊಂಬೆ, ಚೀಲ, ಹರಿದ ಬ್ಯಾನರು. ಅದರ ಹಿಂದೆ ಮೊಣಕಾಲೆತ್ತರದ ಹೂಳು. ಚರಂಡಿ ನಿರ್ವಹಣೆ ಗ್ಯಾಂಗಿನ ಮೇಸ್ತ್ರಿ ಪಕ್ಕದಲ್ಲೇ ನಿಂತಿದ್ದರು. 'ಎಷ್ಟು ಸಲ ಹೂಳೆತ್ತಿದರೂ ಎರಡೇ ಮಳೆಗೆ ಕಟ್ಟಿಕೊಳ್ಳುತ್ತೆ ಸಾರ್. ಮೇಲಿನವರಿಗೆ ಹೇಳಿದ್ದೆ. ಪೈಪು ನಮ್ಮದಲ್ಲ ಅಂದರು' ಎಂದರು. ನೀರಿನ ಇಲಾಖೆಯ ಹುಡುಗ ಸ್ವಲ್ಪ ಹೊತ್ತು ಸುಮ್ನೆ ನಿಂತು, 'ಮೋರಿ ನಮ್ಮದಲ್ಲ ಅಂತ ನಾವೂ ಬಿಟ್ಟಿದ್ವಿ' ಅಂದ. ಆರು ತಿಂಗಳ ಸಭೆಗಳಲ್ಲಿ ಇಷ್ಟು ನೇರವಾದ ಮಾತು ನಾನು ಕೇಳಿರಲಿಲ್ಲ.

ಅಲ್ಲಿಂದ ನಕ್ಷೆ ಹಂಚಿಕೊಳ್ಳುವ ಕೆಲಸ ಶುರುವಾಯಿತು. ಎಲ್ಲರಿಗೂ ಅಳುಕು. ಕೊಟ್ಟ ನಕ್ಷೆಯಲ್ಲಿ ತಪ್ಪು ಸಿಕ್ಕರೆ ತಮ್ಮ ತಲೆಗೆ ಬರುತ್ತೆ ಅಂತ. ಅದಕ್ಕೆ ನಾವೇ ಮೊದಲು ನಮ್ಮ ಮಾಹಿತಿ ಕೊಟ್ಟೆವು. ಎಲ್ಲೆಲ್ಲಿ ತಪ್ಪಿದೆಯೋ ಅಲ್ಲೆಲ್ಲ ನಾವೇ ಕೆಂಪು ಗುರುತು ಹಾಕಿದ್ದೆವು. ಎರಡು ವಾರದಲ್ಲಿ ಉಳಿದವರದೂ ಬಂತು.

ಈಗ ಹಳೇ ಲೆಕ್ಕಗಳನ್ನು ಬದಲಿಸುವುದೂ ಅನಿವಾರ್ಯ. ಗಾಳಿ 1 ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ಸುಮಾರು 7% ಜಾಸ್ತಿ ನೀರಾವಿ ಹಿಡಿದುಕೊಳ್ಳಬಲ್ಲದು, ಹಾಗಾಗಿ ಸುರಿದಾಗ ಮಳೆಯೂ ಜೋರು. ದಶಕಗಳ ಹಿಂದಿನ ಮಳೆ ದಾಖಲೆ ನೋಡಿ ಹಾಕಿದ ಕೊಳವೆಗೆ ಇವತ್ತಿನ ಒಂದು ಗಂಟೆಯ ಜಡಿಮಳೆ ಹೊರೆಯೇ. ಕೊಳವೆ ದೊಡ್ಡದು ಮಾಡುತ್ತ ಹೋದರೆ ಹಣಕ್ಕೆ ಕೊನೆಯಿಲ್ಲ. ನೀರನ್ನು ಸ್ವಲ್ಪ ಹೊತ್ತು ಪಾರ್ಕಿನಲ್ಲೋ ಆಟದ ಮೈದಾನದಲ್ಲೋ ನಿಲ್ಲಿಸಿಕೊಳ್ಳಬೇಕು. ಆದರೆ ಪಾರ್ಕು ಒಬ್ಬರದು, ಚರಂಡಿಯ ದುಡ್ಡು ಇನ್ನೊಬ್ಬರದು. ನಾವು ಜಾಸ್ತಿ ಒದ್ದಾಡಿದ್ದು ಇಲ್ಲೇ.

ಆಗ ಡೆನ್ಮಾರ್ಕಿನ ರಾಜಧಾನಿ ಕೋಪನ್‌ಹೇಗನ್‌ನ ಉದಾಹರಣೆ ಕೆಲಸಕ್ಕೆ ಬಂತು. ಅಲ್ಲಿ 2011ರ ಜುಲೈ 2ರಂದು ಸುಮಾರು ಎರಡು ಗಂಟೆಯಲ್ಲಿ 150 ಮಿಲಿಮೀಟರ್‌ನಷ್ಟು ಮಳೆ ಸುರಿದಿತ್ತು. 2012ರಲ್ಲಿ ಜಡಿಮಳೆಗೆಂದೇ ಯೋಜನೆ ಮಾಡಿದರು. ಮುಂದೆ ಅದು ಸುಮಾರು 300 ಕಾಮಗಾರಿಗಳ, 20 ವರ್ಷದ ಕೆಲಸವಾಗಿ ಬೆಳೆಯಿತು. ಎಲ್ಲರೂ ಅಲ್ಲಿನ ಚೆಂದದ ಪಾರ್ಕುಗಳ ಫೋಟೋ ತೋರಿಸುತ್ತಾರೆ. ನನಗೆ ಹಿಡಿಸಿದ್ದು ಬೇರೆ. ಜನ ಕಟ್ಟುವ ನೀರು-ಚರಂಡಿ ಶುಲ್ಕವನ್ನು ನೆಲದ ಮೇಲೆ ನೀರು ಹಿಡಿಯುವ ಕೆಲಸಕ್ಕೂ ಬಳಸಲು ದಾರಿಯಾಗುವಂತೆ ಅಲ್ಲಿ ನಿಯಮವನ್ನೇ ಬದಲಿಸಿದರು. ನಮ್ಮ ಲೆಕ್ಕಪತ್ರ ವಿಭಾಗದವರನ್ನು ಮೊದಲ ದಿನದಿಂದಲೇ ಜೊತೆಗೆ ಕೂರಿಸಿಕೊಳ್ಳಬೇಕಿತ್ತು ಎಂದು ನನಗೆ ಹೊಳೆದದ್ದು ಆಗಲೇ. ಅವರನ್ನು ಕೊನೆಗೆ ಕರೆದದ್ದು ನನ್ನದೇ ತಪ್ಪು. ಒಂದು ವರ್ಷ ಹೋಯಿತು.

ಸೂರತ್‌ನಿಂದ ಇನ್ನೊಂದು ಪಾಠ. 2006ರ ಆಗಸ್ಟ್‌ನಲ್ಲಿ ಆ ನಗರ ಮುಳುಗಿದ್ದು ತನ್ನ ಮೇಲೆ ಬಿದ್ದ ಮಳೆಯಿಂದಲ್ಲ, ಊರಿನ ಮೂಲಕ ಹರಿಯುವ ತಾಪಿ ನದಿಗೆ ಮೇಲೆ ಕಟ್ಟಿರುವ ಉಕಾಯ್ ಜಲಾಶಯದಿಂದ ಬಿಟ್ಟ ನೀರಿನಿಂದ. ತಾಪಿ ನದಿ ಮಧ್ಯಪ್ರದೇಶದಲ್ಲಿ ಹುಟ್ಟಿ, ಮಹಾರಾಷ್ಟ್ರ ದಾಟಿ ಗುಜರಾತಿಗೆ ಬರುತ್ತೆ. ಜಲಾಶಯ ನೋಡಿಕೊಳ್ಳುವವರು ಮತ್ತು ನಗರದವರು ಮೊದಲೇ ಮಾತಾಡಿಕೊಳ್ಳದಿದ್ದರೆ ಊರೊಳಗೆ ಎಷ್ಟು ಚರಂಡಿ ಕಟ್ಟಿದರೂ ಅಷ್ಟೆ. ಆ ಪೆಟ್ಟಿನ ನಂತರ ಅಲ್ಲಿ ಜಲಾಶಯದಿಂದ ನಗರದವರೆಗೆ ಮುನ್ನೆಚ್ಚರಿಕೆ ವ್ಯವಸ್ಥೆ ಬಂತು. ನಾವೂ ನಮ್ಮ ಗಡಿಯಾಚೆಯ ಕೆರೆಗಳನ್ನು ನೋಡಿಕೊಳ್ಳುವವರ ಹತ್ತಿರ ಹೋದೆವು. ಅವರು ಕೇಳಿದ್ದು ಒಂದೇ: 'ನೀರು ಎಷ್ಟು ಏರಿದರೆ ನಿಮಗೆ ಹೇಳಬೇಕು, ಯಾರಿಗೆ ಹೇಳಬೇಕು?' ನಮ್ಮ ಹತ್ತಿರ ಎರಡಕ್ಕೂ ಉತ್ತರ ಇರಲಿಲ್ಲ.

ಉತ್ತರ ಬರೆದುಕೊಂಡು ಅಣಕು ಕಾರ್ಯಾಚರಣೆ ಮಾಡಿದೆವು. ಮುಜುಗರದ ದಿನ ಅದು. ಬೆಳಿಗ್ಗೆ ಹತ್ತಕ್ಕೆ ಎಚ್ಚರಿಕೆಯ ಸಂದೇಶ ಹೋಯಿತು. ಪಟ್ಟಿಯ ಮೊದಲ ನಂಬರು ವರ್ಗವಾಗಿ ಹೋದ ಅಧಿಕಾರಿಯದು. ಎರಡನೆಯದು ಕಚೇರಿಯ ಸ್ಥಿರ ದೂರವಾಣಿ, ಆ ಕೋಣೆಗೆ ಬೀಗ. ಪಂಪ್‌ಹೌಸ್‌ಗೆ ಸುದ್ದಿ ಮುಟ್ಟುವಷ್ಟರಲ್ಲಿ ಮಧ್ಯಾಹ್ನ. ನಿಜವಾದ ಮಳೆಯಾಗಿದ್ದರೆ? ಈಗ ಪಟ್ಟಿಯಲ್ಲಿ ವ್ಯಕ್ತಿಯ ಹೆಸರಿಲ್ಲ, ಹುದ್ದೆ ಇದೆ. ಹುದ್ದೆಯ ಜೊತೆಗೇ ಕೈಬದಲಾಗುವ ಮೊಬೈಲ್ ಇದೆ. ಪ್ರತಿಯೊಂದಕ್ಕೂ ಒಬ್ಬ ಬದಲಿ. ತಿಂಗಳ ಮೊದಲ ಸೋಮವಾರ ಒಬ್ಬರು ಕೂತು ಎಲ್ಲ ನಂಬರಿಗೂ ಕರೆ ಮಾಡುತ್ತಾರೆ, ಅಷ್ಟೆ.

ಬಿಸಿಗಾಳಿಯ ತಯಾರಿಗೂ ಇದೇ ಪಟ್ಟಿ ಬಳಸಿದೆವು. ಅಹಮದಾಬಾದ್‌ನಲ್ಲಿ 2010ರ ಮೇ ತಿಂಗಳ ಬಿಸಿಗೆ ಎಂದಿಗಿಂತ 1,344 ಸಾವು ಜಾಸ್ತಿಯಾಗಿತ್ತು ಎಂದು ಆಮೇಲೆ ಸಂಶೋಧಕರು ಲೆಕ್ಕ ಹಾಕಿದರು. ಪಾಲಿಕೆಯವರು ಆರೋಗ್ಯ ಸಂಶೋಧಕರ ಜೊತೆ ಕೂತು 2013ರಲ್ಲಿ ಬಿಸಿಲ ಕ್ರಿಯಾಯೋಜನೆ ತಂದರು. ದಕ್ಷಿಣ ಏಷ್ಯಾದಲ್ಲಿ ಅದೇ ಮೊದಲನೆಯದು. ಎಷ್ಟು ಡಿಗ್ರಿಗೆ ಯಾವ ಬಣ್ಣದ ಎಚ್ಚರಿಕೆ, ಆ ಬಣ್ಣಕ್ಕೆ ಯಾರು ಏನು ಮಾಡಬೇಕು ಅಂತ ಅದರಲ್ಲಿ ಬಿಡಿಸಿ ಬರೆದಿದೆ. ಇಂಥವನ್ನು ಹಾಗೇ ನಕಲು ಮಾಡಬಾರದು. ಆ ಡಿಗ್ರಿ ಊರಿಂದೂರಿಗೆ ಬೇರೆ. ನಮ್ಮ ಆಸ್ಪತ್ರೆ ದಾಖಲೆ ನೋಡಿಯೇ ನಮ್ಮದು ಗೊತ್ತಾಗಬೇಕು.

ನಗರಗಳ ಜಾಗತಿಕ ಒಕ್ಕೂಟಗಳ ಬಗ್ಗೆ ಕೇಳುತ್ತಾರೆ. ಇಕ್ಲೇ 1990ರಿಂದ ಇದೆ, ಸಿ40 2005ರಿಂದ. ಉಪಯೋಗ ಇದೆ, ಆದರೆ ಅವುಗಳ ವರದಿಗಿಂತ ಅಲ್ಲಿ ಸಿಗುವ ಮನುಷ್ಯರಿಂದ. ಬೇರೆ ನಗರದ ಎಂಜಿನಿಯರ್‌ಗೆ ಕರೆ ಮಾಡಿ 'ನಿಮ್ಮಲ್ಲಿ ಯಾವುದು ಕೈಕೊಟ್ಟಿತು?' ಅಂತ ಕೇಳಿ. ವೇದಿಕೆಯ ಮೇಲೆ ಅದನ್ನು ಯಾರೂ ಹೇಳುವುದಿಲ್ಲ, ಅಲ್ವಾ?

ಆ ಮೋರಿಯ ಪೈಪನ್ನು ಕೊನೆಗೂ ಸರಿಸಿದರು. ಆದರೆ ಅದೇ ಸಾಲಿನಲ್ಲಿ ಹುಡುಕಿದಾಗ ಇನ್ನೂ ಐದು ಮೋರಿಗಳಲ್ಲಿ ಹೀಗೇ ಅಡ್ಡ ಹೋದ ಕೊಳವೆ, ಕೇಬಲ್ ಸಿಕ್ಕಿವೆ. ಮೂರಕ್ಕೆ ವಾರಸುದಾರರು ಸಿಕ್ಕಿದರು. ಉಳಿದೆರಡು ಯಾರದೆಂದು ಕಂಡುಹಿಡಿಯಲು ಕಡತ ಇನ್ನೂ ಮೇಜಿಂದ ಮೇಜಿಗೆ ಓಡಾಡುತ್ತಿದೆ. ಈ ಮಳೆಗಾಲ ಮುಗಿಯುವವರೆಗೆ ಮೇಸ್ತ್ರಿಯ ಗ್ಯಾಂಗು ವಾರಕ್ಕೊಮ್ಮೆ ಅಲ್ಲಿ ಹೂಳೆತ್ತಲೇಬೇಕು.