ಕೊಳಗ ಯಾರ ಕೈಲಿದೆ? ಆಟದ ಲೋಕದ ಜನಗಳಿಗೆ ಆಳ್ವಿಕೆ ಕಟ್ಟುವ ಕ್ರಮ

ದಾಳ, ಕಾಗದ, ಪೆನ್ಸಿಲ್ ಹಿಡಿದು ಆಡುವ ಕಲ್ಪನಾಲೋಕದ ಆಟಕ್ಕೆ ಹೊಸ ಲೋಕ ಕಟ್ಟುವವರು ಸಾಮಾನ್ಯವಾಗಿ ಮೊದಲು ರಾಜನ ಹೆಸರು ಬರೆಯುತ್ತಾರೆ. ಆಮೇಲೆ ವಂಶಾವಳಿ, ಆಮೇಲೆ ಲಾಂಛನ. ನಾಲ್ಕು ಪುಟ ತುಂಬುತ್ತದೆ, ಆಟಕ್ಕೆ ಕೂತಾಗ ಒಂದು ಸಾಲೂ ಕೆಲಸಕ್ಕೆ ಬರುವುದಿಲ್ಲ. ಆಟಗಾರರು ಕೇಳುವುದೇ ಬೇರೆ. ಉಕ್ಕಡದ (ದಾರಿಯ ಸುಂಕ-ಕಾವಲಿನ ಕಟ್ಟೆಯ) ಬಾಗಿಲು ಯಾರು ತೆಗೆಯುತ್ತಾರೆ? ಎಷ್ಟು ಕೊಡಬೇಕು? ನಮ್ಮವನನ್ನು ಹಿಡಿದು ಕೂಡಿಹಾಕಿದ್ದಾರೆ, ಯಾರ ಹತ್ತಿರ ಹೋಗಿ ಕೇಳೋಣ?

ಈ ಮೂರಕ್ಕೂ ಉತ್ತರ ಸಿಗಬೇಕಾದರೆ ಸಿಂಹಾಸನವನ್ನು ಬಿಟ್ಟು ಅಳತೆಯಿಂದ ಶುರು ಮಾಡಬೇಕು. ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಸತ್ಯಾಗ್ರಹಕ್ಕೆ ಇಳಿದಾಗ ಜಗಳದ ಮುಖ್ಯ ಎಳೆಗಳಲ್ಲೊಂದು ಗೇಣಿ ಭತ್ತ ಅಳೆಯುವ ಕೊಳಗದ ಗಾತ್ರ. ಕೊಳಗ ದೊಡ್ಡದಾದರೆ ಗೇಣಿ ತಾನಾಗಿಯೇ ಏರುತ್ತದೆ, ಕರಾರು ಒಂದಕ್ಷರ ಬದಲಾಗಬೇಕಿಲ್ಲ. ಅಧಿಕಾರ ಅಂದರೆ ಅದು. ನಿಮ್ಮ ಲೋಕದ ಪ್ರತಿ ಜನಕ್ಕೂ, ಅಂದರೆ ಮನುಷ್ಯರು, ಯಕ್ಷರು ಎಂಬಂಥ ಪ್ರತಿ ಜನವರ್ಗಕ್ಕೂ, ಒಂದು ಕೊಳಗ ಇರಬೇಕು, ಅದನ್ನು ಹಿಡಿದ ಕೈ ಯಾವುದೆಂದು ನಿಮಗೆ ಗೊತ್ತಿರಬೇಕು.

ಒಂದು ಜನಕ್ಕೆ ಒಂದೇ ಹಾಳೆ, ಹಾಳೆಯಲ್ಲಿ ಐದೇ ಸಾಲು. ಮೊದಲ ಸಾಲು: ಏನನ್ನು ಅಳೆಯುತ್ತಾರೆ. ಎರಡನೆಯದು: ಅಳೆಯುವವರು ಯಾರು. ಮೂರು: ಅಳತೆ ತಪ್ಪಿದರೆ ದೂರು ಎಲ್ಲಿಗೆ. ನಾಲ್ಕು: ಅಳೆಯುವವರು ಸತ್ತರೆ ಮುಂದೆ ಯಾರು. ಐದು: ಅವರ ಮಾತು ಎಷ್ಟು ದಿನದ ದಾರಿಯವರೆಗೆ ನಡೆಯುತ್ತದೆ. ಮೊದಲ ಸಲಕ್ಕೆ ನಾಲ್ಕು ಬಗೆಯ ಜನ ಸಾಕು. ಆರಾದರೆ ಆಟಗಾರರಿಗೆ ಹೆಸರು ನೆನಪಿರುವುದಿಲ್ಲ.

ಮಾದರಿಗೆ ಘಟ್ಟದ ಮೇಲಿನ ಒಂದು ಸೀಮೆ ತೆಗೆದುಕೊಳ್ಳೋಣ: ಕೋಟೆ ಕಟ್ಟಿಕೊಂಡ ಮನುಷ್ಯರು, ಕಾನಿನ (ದಟ್ಟ ಕಾಡಿನ) ಯಕ್ಷರು, ಕಡವು (ದೋಣಿಯಲ್ಲಿ ಹೊಳೆ ದಾಟಿಸುವ ಜಾಗ) ನಡೆಸುವ ಹೊಳೆನಾಗರು, ಜಂಬಿಟ್ಟಿಗೆ ಕಲ್ಲು ಕಡಿಯುವ ಕುಬ್ಜರು.

ಕೋಟೆಯವರಿಗೆ ಕೆಳದಿಯ ಲೆಕ್ಕ ಚೆನ್ನಾಗಿ ಹೊಂದುತ್ತದೆ. ಅಲ್ಲಿನ ಅರಸ ಶಿವಪ್ಪ ನಾಯಕನ ಕಂದಾಯ ಪದ್ಧತಿಯಾದ 'ಶಿಸ್ತು' ಮಣ್ಣು ಮತ್ತು ನೀರಿನ ಅನುಕೂಲ ನೋಡಿ ಜಮೀನನ್ನು ಐದು ದರ್ಜೆಗೆ ಹಂಚಿತ್ತು. ಎಷ್ಟು ಖಂಡುಗ ಬೀಜ ಬಿತ್ತಬಹುದೆಂಬುದು ಅದರ ಅಳತೆ, ಇಳುವರಿಯ ಮೂರನೇ ಒಂದು ಪಾಲು ಕಂದಾಯ. ಆಟಕ್ಕೆ ಐದು ದರ್ಜೆ ಹೆಚ್ಚಾಯಿತು, ಮೂರು ಇಟ್ಟುಕೊಳ್ಳಿ. ನೀರಿರುವ ಊರಿನ ಬೆಳೆ ವರ್ಷಕ್ಕೆ 180 ಹೇರು (ಒಂದು ಎತ್ತು ಹೊರುವಷ್ಟು ಒಂದು ಹೇರು), ಮಧ್ಯಮ ಊರಿನದು 120, ಮಳೆಯನ್ನೇ ನಂಬಿದ ಮಕ್ಕಿ ಗದ್ದೆಯ ಊರಿನದು 60. ಕಂದಾಯ 60, 40, 20. ಮೂರು ಒಳ್ಳೆಯ ಊರು, ನಾಲ್ಕು ಮಧ್ಯಮ, ಮೂರು ಮಕ್ಕಿ ಊರು ಸೇರಿದರೆ ಕೋಟೆಗೆ ಬರುವುದು 400 ಹೇರು.

ಈಗ ಕಾಲವನ್ನೂ ಹೀಗೇ ಅಳೆಯಿರಿ. ತಿಂಗಳಿಗಿಂತ ಮಳೆನಕ್ಷತ್ರ ಅನುಕೂಲ: ವರ್ಷಕ್ಕೆ 27, ಒಂದೊಂದಕ್ಕೆ ಹದಿಮೂರು ಹದಿನಾಲ್ಕು ದಿನ. ಹತ್ತು ಕಾವಲಿನವರು ಒಂದು ನಕ್ಷತ್ರದಲ್ಲಿ ಒಂದು ಹೇರು ತಿನ್ನುತ್ತಾರೆ ಎಂದಿಟ್ಟರೆ, 400 ಹೇರಿನಲ್ಲಿ ವರ್ಷವಿಡೀ ಸಾಕಬಹುದಾದವರು ಹೆಚ್ಚೆಂದರೆ 148 ಜನ. ನಕಾಶೆಯಲ್ಲಿ 500 ಸೈನಿಕರ ಕೋಟೆ ಬರೆದಿದ್ದೀರಾ? ಉಳಿದ 350 ಜನರ ಊಟ ಎಲ್ಲಿಂದ ಬರುತ್ತದೆ ಎಂಬುದೇ ನಿಮ್ಮ ಕಥೆ. ಘಾಟಿಯ ಸುಂಕವೋ, ಮೆಣಸಿನ ವ್ಯಾಪಾರವೋ, ಪಕ್ಕದ ಸೀಮೆಯ ಲೂಟಿಯೋ, ಒಂದನ್ನು ಆರಿಸಲೇಬೇಕು. ಲೋಕ ಕಟ್ಟುವವರು ಅತಿ ಹೆಚ್ಚು ಎಡವುವುದು ಇಲ್ಲೇ, ಹಾಗಾಗಿ ಈ ಗುಣಾಕಾರವನ್ನು ದಯವಿಟ್ಟು ತಪ್ಪಿಸಬೇಡಿ.

ಐದನೇ ಸಾಲಿಗೆ ಮಳೆಯನ್ನು ಬಳಸಿ. ಆಗುಂಬೆಯಲ್ಲಿ ವರ್ಷದ ಸರಾಸರಿ ಮಳೆ 7,000 ಮಿಲಿಮೀಟರ್ ದಾಟುತ್ತದೆ. ಅಂಥ ಸೀಮೆಯಲ್ಲಿ ಆರಿದ್ರಾ, ಪುನರ್ವಸು, ಪುಷ್ಯ, ಆಶ್ಲೇಷ, ಈ ನಾಲ್ಕು ನಕ್ಷತ್ರ ಕೋಟೆಯ ಆಜ್ಞೆ ಹಳ್ಳ ದಾಟುವುದಿಲ್ಲ ಎಂದು ನಿಯಮ ಮಾಡಿ. ಆ ಐವತ್ತೈದು ದಿನ ಪ್ರತಿ ಊರೂ ತನ್ನ ಗೌಡನ ಮಾತಲ್ಲಿ ನಡೆಯುತ್ತದೆ. ಹೀಗೆ ಮಾಡಿದರೆ ಒಂದೇ ರಾಜ್ಯದೊಳಗೆ ಎರಡು ಬಗೆಯ ಆಳ್ವಿಕೆ ಖರ್ಚಿಲ್ಲದೆ ಸಿಗುತ್ತದೆ, ಆಟಗಾರರೂ ಯಾವ ಕೆಲಸವನ್ನು ಮಳೆಗೆ ಮೊದಲು ಮುಗಿಸಬೇಕೆಂದು ಯೋಚಿಸತೊಡಗುತ್ತಾರೆ.

ಕೋಟೆ ಹೆಚ್ಚು ಎಳೆದರೆ ಏನಾಗುತ್ತದೆಂಬುದಕ್ಕೂ ಒಂದು ಲೆಕ್ಕ ಬೇಕು. ಪಾಲು ಏರಿಸಿದಾಗ, ಹೊಸ ಸುಂಕ ಹಾಕಿದಾಗ, ದೂರು ಕೇಳದೆ ಕಳಿಸಿದಾಗ ಆ ಊರಿಗೆ ಒಂದೊಂದು ಗೀಟು. ಮೂರು ಗೀಟಾದ ಊರುಗಳು ಕಂದಾಯ ನಿಲ್ಲಿಸಿ ಒಂದೆಡೆ ಕೂಟ ಸೇರುತ್ತವೆ. 1830-31ರ ನಗರ (ಹಳೆಯ ಬಿದನೂರು) ಸೀಮೆಯ ದಂಗೆಯಲ್ಲಿ ರೈತರು ಮಾಡಿದ್ದು ಇದನ್ನೇ. ಅದರ ಕೊನೆಗೆ, 1831ರಲ್ಲಿ, ಮೈಸೂರಿನ ಆಡಳಿತವೇ ಬ್ರಿಟಿಷರ ಕೈಗೆ ಹೋಯಿತು. ದಂಗೆಯ ಲಾಭ ಕೋಟೆಗೂ ಕೂಟಕ್ಕೂ ದಕ್ಕದೆ ಮೂರನೆಯವರ ಪಾಲಾಗಬಹುದು. ಆ ಮೂರನೆಯವರು ಯಾರೆಂದು ಮೊದಲೇ ಹಾಳೆಯ ಅಂಚಿನಲ್ಲಿ ಬರೆದಿಡಿ.

ಯಕ್ಷರ ಹಾಳೆಯಲ್ಲಿ ಅಳತೆ ಕಾನಿನ ಸೊಪ್ಪು, ಜೇನು, ಮರ. ಅಳೆಯುವುದು ದೈವ, ಹೇಳುವುದು ಪಾತ್ರಿ, ಅಂದರೆ ದೈವ ಮೈಮೇಲೆ ಬಂದು ನುಡಿಯುವವನು. ಇಲ್ಲಿ ಎರಡು ಆರುಮುಖದ ದಾಳ ಹಾಕಿ. 2ರಿಂದ 6 ಬಂದರೆ 'ಇಲ್ಲ', 7ರಿಂದ 9 ಬಂದರೆ 'ಹರಕೆ ಒಪ್ಪಿಸಿದರೆ ಆಗಬಹುದು', 10 ಅಥವಾ ಹೆಚ್ಚಿದ್ದರೆ 'ಹೌದು'. ಮೂವತ್ತಾರು ಸಾಧ್ಯತೆಗಳಲ್ಲಿ ಮೊದಲ ಎರಡಕ್ಕೆ ಹದಿನೈದು ಹದಿನೈದು, ಕೊನೆಯದಕ್ಕೆ ಬರೀ ಆರು. ಅಂದರೆ ಕಾನಿನಲ್ಲಿ ಬರಿಗೈಲಿ ಕೇಳಿದ್ದು ಆರಕ್ಕೆ ಒಂದು ಸಲ ಮಾತ್ರ ಸಿಗುತ್ತದೆ. ಪಾತ್ರಿಯನ್ನು ಮೋಸಗಾರನನ್ನಾಗಿ ಮಾಡುವ ಚಪಲ ಬೇಡ. ಆ ಜನ ಆ ಮಾತನ್ನು ನಂಬಿ ಎತ್ತಿದ ಕೊಡಲಿಯನ್ನು ಕೆಳಗಿಡುತ್ತಾರೆ ಎನ್ನುವುದೇ ಅವರ ಕಾನೂನಿನ ಬಲ. ನೀವು ಯೋಚಿಸಬೇಕಾದ್ದು ಮೂರನೇ ಸಾಲು: ದೈವದ ಮಾತು ಒಪ್ಪದವನು ಎಲ್ಲಿಗೆ ಹೋಗುತ್ತಾನೆ? ಹಿರಿಯ ಸ್ಥಾನವೊಂದಿದೆ, ಅಲ್ಲಿಗೆ ಮೂರು ದಿನದ ದಾರಿ ಎಂದರೆ ಒಂದು ಪ್ರಯಾಣವೇ ಹುಟ್ಟಿತು.

ನಾಗರದು ಏಳು ಮನೆಗಳ ಕೂಟ. ಕಡವಿನ ಸರದಿಯೇ ಅವರ ಕೊಳಗ. ಯಾವ ತೀರ್ಮಾನಕ್ಕೂ ಐದು ಮನೆಯ ಒಪ್ಪಿಗೆ ಬೇಕು. ಏಳಕ್ಕೆ ಏಳೂ ಒಪ್ಪಬೇಕೆಂದು ಮಾಡಬೇಡಿ, ಒಂದೇ ಮನೆ ಇಡೀ ಆಟವನ್ನು ನಿಲ್ಲಿಸಿಬಿಡುತ್ತದೆ. ನಾಲ್ಕು ಸಾಕೆಂದರೆ ಮಾತುಕತೆ ಹತ್ತು ನಿಮಿಷಕ್ಕೆ ಮುಗಿಯುತ್ತದೆ. ಪ್ರತಿ ಮನೆಗೂ ಒಂದು ಬಯಕೆ, ಒಂದು ಹಗೆ ಬರೆದುಕೊಳ್ಳಿ, ಅದಕ್ಕಿಂತ ಹೆಚ್ಚು ಬೇಡ. ಕುಬ್ಜರಿಗೆ ಸದ್ಯ ಎರಡೇ ಸಾಲು ಸಾಕು: ಕಲ್ಲಿನ ಹೊಂಡ ಯಾರದ್ದೋ ಅಲ್ಲಿ ಅವರದೇ ಮಾತು, ಹೊಂಡ ಬತ್ತಿದರೆ ಯಜಮಾನಿಕೆಯೂ ಬತ್ತಿತು.

ಸೀಮೆಗಳಿಗೆ ಹೆಸರಿಡಲು ಹಳೆಯ ಶಾಸನಗಳ ರೀತಿ ಬಹಳ ಚಂದ. ಬನವಾಸಿ ಹನ್ನೆರಡು ಸಾವಿರ, ಸಾಂತಳಿಗೆ ಸಾವಿರ ಎಂಬಂತೆ ಹೆಸರಲ್ಲೇ ಸಂಖ್ಯೆ ಸೇರಿದರೆ ಯಾವುದು ದೊಡ್ಡದು, ಯಾವುದು ಚಿಕ್ಕದು ಎಂದು ವಿವರಿಸುವ ಕೆಲಸ ತಪ್ಪುತ್ತದೆ.

ನಾಲ್ಕನೇ ಸಾಲನ್ನು ಖಾಲಿ ಬಿಟ್ಟವರೇ ಹೆಚ್ಚು. ಆಟಗಾರರು ನಾಯಕನನ್ನು ಕೊಂದ ದಿನ ಪೇಚಾಟ ಶುರುವಾಗುತ್ತದೆ. ಕೋಟೆಗೆ ಯಾವಾಗಲೂ ಮೂವರು ಹಕ್ಕುದಾರರಿರಲಿ: ರಾಣಿ, ದತ್ತುಮಗ, 'ನಾನೇ ನಿಜವಾದ ವಾರಸುದಾರ' ಎನ್ನುತ್ತ ಹೊರಗಿಂದ ಬರುವವನು. ಕೆಳದಿಯಲ್ಲಿ ಗಂಡ ತೀರಿದ ಮೇಲೆ ಚೆನ್ನಮ್ಮಾಜಿ ಇಪ್ಪತ್ತೈದು ವರ್ಷದ ಆಸುಪಾಸು ಆಳಿದಳು, ಬಸಪ್ಪ ನಾಯಕನನ್ನು ದತ್ತು ತೆಗೆದುಕೊಂಡಳು, ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟಳು. ಕೊನೆಯ ರಾಣಿ ವೀರಮ್ಮಾಜಿಯ ಕಾಲಕ್ಕೆ, 1763ರಲ್ಲಿ, ಹೈದರ್ ಅಲಿ ರಾಜಧಾನಿ ಬಿದನೂರು ಹಿಡಿದಾಗ ರಾಜ್ಯವೇ ಮುಗಿಯಿತು. ಹೆಂಗಸು ಪಟ್ಟಕ್ಕೆ ಬಂದದ್ದರಿಂದ ರಾಜ್ಯ ಸೋತಿತೆಂದು ನಿಮ್ಮ ಲೋಕದಲ್ಲಿ ಬರೆಯಬೇಡಿ. ಖಜಾನೆ, ಕೋಟೆ, ಆಡಳಿತ ಎಲ್ಲವೂ ಒಂದೇ ಊರಲ್ಲಿ ಕೂತಿದ್ದರೆ ಆ ಊರು ಬಿದ್ದಾಗ ಉಳಿಯುವುದೇನು ಎಂದು ಕೇಳಿಕೊಳ್ಳಿ. ನಾಗರ ಏಳು ಮನೆಗಳಲ್ಲಿ ಎರಡು ಸುಟ್ಟರೂ ಕಡವು ನಡೆಯುತ್ತದೆ. ಈ ವ್ಯತ್ಯಾಸವನ್ನು ಯುದ್ಧದ ನಿಯಮದಲ್ಲೂ ತೋರಿಸಿ.

ಒಂದು ಎಚ್ಚರಿಕೆ. ಯಾವ ಜನವನ್ನೂ ನಮ್ಮ ನಡುವಿನ ಒಂದು ಜಾತಿಯ ಅಚ್ಚಿನಲ್ಲಿ ಎರಕ ಹೊಯ್ಯಬೇಡಿ. ಉಡುಪು, ಮಾತಿನ ಧಾಟಿ, ಕಸುಬು ಮೂರನ್ನೂ ಒಂದೇ ಸಮುದಾಯದಿಂದ ಎತ್ತಿ ಅದಕ್ಕೆ ಬಾಲವೋ ಕೋರೆಹಲ್ಲೋ ಅಂಟಿಸಿದರೆ ಮೇಜಿನ ಸುತ್ತ ಕೂತವರಲ್ಲಿ ಒಬ್ಬರಿಗೆ ನೋವಾಗಿಯೇ ಆಗುತ್ತದೆ. ಪ್ರತಿ ಜನದೊಳಗೂ ತಮ್ಮ ಅಳತೆಯನ್ನು ಒಪ್ಪದ ಒಂದು ಗುಂಪನ್ನು ಇಟ್ಟರೆ ಈ ಅಪಾಯ ಅರ್ಧಕ್ಕರ್ಧ ಕಡಿಮೆ: ಕಂದಾಯ ಬರೆಯಲು ಕೈನಡುಗುವ ಶಾನುಭೋಗ, ಕಾನಿನಾಚೆ ತೋಟ ಮಾಡಬೇಕೆನ್ನುವ ಯಕ್ಷ ಹುಡುಗಿ.

ಆಟಕ್ಕೆ ಕೂರುವ ಮೊದಲು ಹಾಳೆಗಳನ್ನು ಒಮ್ಮೆ ಪರೀಕ್ಷಿಸಿ. ಕಡವಿನ ಹತ್ತಿರ ಒಂದು ಎತ್ತಿನ ಹೇರು ಉಪ್ಪು ಕಳುವಾಗಿದೆ. ನಾಲ್ಕೂ ಜನಕ್ಕೆ ಈ ದೂರನ್ನು ಒಪ್ಪಿಸಿ, ಒಂದೊಂದಕ್ಕೆ ಐದು ನಿಮಿಷ: ಯಾರು ಕೇಳುತ್ತಾರೆ, ಸಾಕ್ಷಿ ಏನು, ದಂಡ ಎಷ್ಟು, ದಂಡದ ಉಪ್ಪು ಯಾರ ಮನೆ ಸೇರುತ್ತದೆ. ಯಾವುದೇ ಎರಡು ಜನದ ಉತ್ತರ ಒಂದೇ ಬಂದರೆ, ಅವುಗಳಲ್ಲಿ ಒಂದರ ಎರಡನೇ ಸಾಲನ್ನು ಒರೆಸಿ ಕೊಳಗವನ್ನು ಬೇರೆ ಕೈಗೆ ಕೊಡಿ, ಮತ್ತೆ ಅದೇ ಉಪ್ಪಿನ ದೂರು ಓದಿ.